ಪೂರ್ತಿ ಸಸ್ಯಾಹಾರಕ್ಕೆ ಹೊರಳುವಾಗ ಮುಟ್ಟು ಏರುಪೇರಾಗದಂತೆ ನೋಡಿಕೊಳ್ಳುವುದು ಹೇಗೆ

ಮಾಂಸ, ಮೊಟ್ಟೆಯ ಜೊತೆಗೆ ಹಾಲು, ಮೊಸರು, ತುಪ್ಪವನ್ನೂ ಬಿಟ್ಟು ಪೂರ್ತಿ ಸಸ್ಯಮೂಲದ ಊಟಕ್ಕೆ ಬಂದ ಮೊದಲ ತಿಂಗಳುಗಳಲ್ಲಿ ಮುಟ್ಟಿನಲ್ಲಿ ಬದಲಾವಣೆ ಕಾಣಬಹುದು. ಕೆಲವರಿಗೆ ಹೊಟ್ಟೆನೋವು ಕಡಿಮೆಯಾಗುತ್ತದೆ. ಕೆಲವರಿಗೆ ತಾರೀಖು ಹಿಂದೆಮುಂದಾಗುತ್ತದೆ. ಇನ್ನು ಕೆಲವರಿಗೆ ಸ್ರಾವ ಕಡಿಮೆಯಾಗುತ್ತಾ ಬಂದು ನಿಂತೇ ಹೋಗುತ್ತದೆ. ಹೀಗೆ ನಿಂತಾಗ ‘ದೇಹ ಶುದ್ಧಿಯಾಗುತ್ತಿದೆ’ ಎಂದು ಧೈರ್ಯ ಹೇಳುವವರಿದ್ದಾರೆ. ಆ ಮಾತನ್ನು ದಯವಿಟ್ಟು ನಂಬಬೇಡಿ. ಗರ್ಭ ನಿಂತಿಲ್ಲ ಎಂದಾದರೆ, ಊಟ ಬದಲಿಸಿದ ಮೇಲೆ ಮುಟ್ಟು ನಿಂತಾಗ ಮೊದಲು ಅನುಮಾನಿಸಬೇಕಾದದ್ದು ಊಟ ಸಾಲದಿರುವುದನ್ನು.

ಬೇಳೆ, ಸೊಪ್ಪು ತಿಂದದ್ದರಿಂದ ಮುಟ್ಟು ಕೆಡುವುದಿಲ್ಲ. ಬಿಟ್ಟ ಆಹಾರ ಕೊಡುತ್ತಿದ್ದುದನ್ನು ಬೇರೆ ಕಡೆಯಿಂದ ತುಂಬಿಕೊಳ್ಳದಿದ್ದಾಗ ಕೆಡುತ್ತದೆ. ತುಂಬಿಕೊಳ್ಳುವಾಗ ಮೊದಲು ಕ್ಯಾಲರಿ, ಆಮೇಲೆ ಕಬ್ಬಿಣ, ಅದರ ಹಿಂದೆಯೇ ಬಿ12 ಮತ್ತು ಅಯೋಡಿನ್. ಉಳಿದವು ನಂತರ.

ಶುರು ಮಾಡುವ ಮೊದಲು

ಈಗ ಮುಟ್ಟು ಹೇಗೆ ಬರುತ್ತಿದೆ ಎಂದು ಬರೆದಿಟ್ಟುಕೊಳ್ಳದಿದ್ದರೆ, ಮುಂದೆ ಏನು ಬದಲಾಯಿತು ಎಂದು ಹೇಳುವುದು ಕಷ್ಟ. ಕನಿಷ್ಠ ಎರಡು ಚಕ್ರಗಳ ಲೆಕ್ಕ ಇಡಿ. ಸ್ರಾವ ಶುರುವಾದ ದಿನ, ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಪ್ಯಾಡ್ ಬದಲಿಸಿದಿರಿ, ಹೆಪ್ಪು ಬಿತ್ತೇ, ನೋವಿಗೆ ಹತ್ತರಲ್ಲಿ ಎಷ್ಟು ಅಂಕ, ಎಷ್ಟು ಮಾತ್ರೆ ನುಂಗಿದಿರಿ, ಇಷ್ಟು ಸಾಕು. ಚಕ್ರದ ಉದ್ದವನ್ನು ಸ್ರಾವದ ಮೊದಲ ದಿನದಿಂದ ಮುಂದಿನ ಸ್ರಾವದ ಮೊದಲ ದಿನದವರೆಗೆ ಎಣಿಸಬೇಕು. ವಯಸ್ಕರಲ್ಲಿ 24ರಿಂದ 38 ದಿನ ಸಹಜ, ಸ್ರಾವ 8 ದಿನದೊಳಗೆ ಮುಗಿಯಬೇಕು. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್. 80 ದಾಟಿದರೆ ಅತಿಸ್ರಾವ. ಮುಟ್ಟಿನ ಕಪ್ ಬಳಸುವವರು ಅದರ ಮೇಲಿನ ಗೆರೆ ನೋಡಿ ಅಳೆದುಬಿಡಬಹುದು.

ಇದೇ ಹೊತ್ತಿಗೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಫೆರಿಟಿನ್, ಬಿ12, ವಿಟಮಿನ್ ಡಿ, ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಟಿಎಸ್‌ಎಚ್. ಹಿಮೋಗ್ಲೋಬಿನ್ ಒಂದನ್ನೇ ನೋಡಿ ಸುಮ್ಮನಾಗಬೇಡಿ. ದೇಹ ಮೊದಲು ದಾಸ್ತಾನಿನಲ್ಲಿರುವ ಕಬ್ಬಿಣವನ್ನು ಖಾಲಿ ಮಾಡುತ್ತದೆ, ಹಿಮೋಗ್ಲೋಬಿನ್ ಇಳಿಯುವುದು ಕೊನೆಗೆ. ದಾಸ್ತಾನು ಎಷ್ಟಿದೆ ಎಂದು ತೋರಿಸುವುದು ಫೆರಿಟಿನ್. ಗರ್ಭಿಣಿಯರಲ್ಲದ ಹೆಂಗಸರಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಫೆರಿಟಿನ್ 15ಕ್ಕಿಂತ ಕೆಳಗಿದ್ದರೆ ದಾಸ್ತಾನು ಖಾಲಿ ಎಂದರ್ಥ. 30ಕ್ಕಿಂತ ಕೆಳಗಿದ್ದರೂ ಹಲವು ವೈದ್ಯರು ಕೊರತೆ ಎಂದೇ ನೋಡುತ್ತಾರೆ.

ಹೊಟ್ಟೆ ತುಂಬಿದರೂ ಕ್ಯಾಲರಿ ಸಾಲದು

ಅತಿ ಹೆಚ್ಚು ಎಡವುವುದು ಇಲ್ಲಿಯೇ. ಸಸ್ಯಾಹಾರದಲ್ಲಿ ನೀರು, ನಾರು ಹೆಚ್ಚು, ಕೊಬ್ಬು ಕಡಿಮೆ. ಸೌತೆಕಾಯಿ, ಟೊಮೆಟೊ, ಎಲೆಕೋಸು ಹೆಚ್ಚಿದ 300 ಗ್ರಾಂ ಸಲಾಡ್ ದೊಡ್ಡ ಬಟ್ಟಲು ತುಂಬುತ್ತದೆ. ಅದರಲ್ಲಿರುವುದು ಸುಮಾರು 60–75 ಕ್ಯಾಲರಿ. ಬೇಯಿಸಿದ ಕಡಲೆಕಾಳು ಒಂದು ಕಪ್ ತಿಂದರೆ 270 ಕ್ಯಾಲರಿ, ಎಣ್ಣೆ ಒಂದು ದೊಡ್ಡ ಚಮಚಕ್ಕೆ 120. ಸಲಾಡಿನಿಂದಲೇ ಹೊಟ್ಟೆ ತುಂಬಿಸಿಕೊಂಡರೆ ಹಸಿವು ಗೊತ್ತಾಗದೆಯೇ ದಿನಕ್ಕೆ 400–500 ಕ್ಯಾಲರಿ ಕಡಿಮೆಯಾಗಿಬಿಡುತ್ತದೆ.

ಮಿದುಳು ಇದನ್ನು ಬೇಗ ಪತ್ತೆಹಚ್ಚುತ್ತದೆ. ಅಂಡಾಶಯವನ್ನು ನಡೆಸುವ ಹಾರ್ಮೋನುಗಳು ಮಿದುಳಿನ ಹೈಪೊಥಾಲಮಸ್ ಬಿಟ್ಟುಬಿಟ್ಟು ಕಳಿಸುವ ಸಂಕೇತದ ಮೇಲೆ ನಿಂತಿವೆ. ಶಕ್ತಿ ಸಾಲದಿದ್ದಾಗ ಮೈಕೊಬ್ಬಿನಿಂದ ಬರುವ ಲೆಪ್ಟಿನ್ ಎಂಬ ಹಾರ್ಮೋನು ಇಳಿಯುತ್ತದೆ, ಸಂಕೇತ ನಿಧಾನವಾಗುತ್ತದೆ, ಎಲ್‌ಎಚ್ ಹಾರ್ಮೋನು ಸರಿಯಾಗಿ ಏರುವುದಿಲ್ಲ, ಅಂಡ ಬಿಡುಗಡೆಯಾಗುವುದಿಲ್ಲ. ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದ ಮೇಲೆ, ಕೊಬ್ಬು ಬಿಟ್ಟು ಉಳಿದ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 30 ಕ್ಯಾಲರಿಗಿಂತ ಕಡಿಮೆ ಉಳಿದರೆ ಕೆಲವೇ ದಿನಗಳಲ್ಲಿ ಎಲ್‌ಎಚ್ ಲಯ ಕೆಡುತ್ತದೆ ಎಂದು 2003ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. 45ರ ಆಸುಪಾಸು ಇದ್ದರೆ ನಿಶ್ಚಿಂತೆ.

ಲೆಕ್ಕ ಹೀಗೆ ಹಾಕಿ. 55 ಕಿಲೋ ತೂಕ, ಅದರಲ್ಲಿ ಕಾಲು ಭಾಗ ಕೊಬ್ಬು ಎಂದುಕೊಳ್ಳಿ. ಉಳಿದದ್ದು ಸುಮಾರು 41 ಕಿಲೋ. ದಿನಕ್ಕೆ 1600 ಕ್ಯಾಲರಿ ತಿಂದು 450 ಕ್ಯಾಲರಿಯಷ್ಟು ಓಡಿದರೆ ಉಳಿಯುವುದು 1150. ಅದನ್ನು 41ರಿಂದ ಭಾಗಿಸಿದರೆ 28. 1600 ಕ್ಯಾಲರಿ ತಿಂದೂ ಮುಟ್ಟಿಗೆ ಶಕ್ತಿ ಸಾಲದ ಸ್ಥಿತಿ ಇದು. 30 ಎನ್ನುವುದು ಎಲ್ಲರಿಗೂ ಒಂದೇ ಗೆರೆಯಲ್ಲ, ಕೆಲವರಿಗೆ ಅದಕ್ಕೂ ಮೇಲಿದ್ದಾಗಲೇ ತೊಂದರೆ ಕಾಣುತ್ತದೆ.

ಪರಿಹಾರ ಸುಲಭ. ಪ್ರತಿ ಊಟದಲ್ಲೂ ತಟ್ಟೆಗೆ ಮೊದಲು ಧಾನ್ಯ ಮತ್ತು ಬೇಳೆಕಾಳು, ಆಮೇಲೆ ತರಕಾರಿ, ಕೊನೆಗೆ ಹಸಿ ಸಲಾಡ್. ದಿನಕ್ಕೆ ಕನಿಷ್ಠ ಎರಡು ಕಪ್ ಬೇಯಿಸಿದ ಬೇಳೆಕಾಳು ಅಥವಾ ಅಷ್ಟೇ ಪ್ರೋಟೀನಿನ ಸೋಯಾ, 30–40 ಗ್ರಾಂ ಕಡಲೆಕಾಯಿ, ಬಾದಾಮಿ ಅಥವಾ ಎಳ್ಳು. ಎಣ್ಣೆಯನ್ನು ಪೂರ್ತಿ ಬಿಡಬೇಡಿ. ಪ್ರೋಟೀನು ಕಿಲೋ ತೂಕಕ್ಕೆ ಒಂದು ಗ್ರಾಂ ಇರಲಿ. ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ತೂಕ ನೋಡಿ. ಉದ್ದೇಶವಿಲ್ಲದೆಯೇ ವಾರಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಇಳಿಯುತ್ತಿದ್ದರೆ ದಿನಕ್ಕೆ 300 ಕ್ಯಾಲರಿ ಸೇರಿಸಿ: ಒಂದು ಹಿಡಿ ಕಡಲೆಕಾಯಿ ಮತ್ತು ಒಂದು ಚಮಚ ಎಣ್ಣೆಯಲ್ಲಿ ಅದು ಮುಗಿಯುತ್ತದೆ.

ಮುಟ್ಟು ಏಕಾಏಕಿ ನಿಲ್ಲುವುದು ಕಡಿಮೆ. ಸಾಮಾನ್ಯವಾಗಿ ಮೊದಲು ಅಂಡ ಬಿಡುಗಡೆಗೂ ಮುಟ್ಟಿಗೂ ನಡುವಿನ ಅಂತರ 10 ದಿನಕ್ಕಿಂತ ಕಡಿಮೆಯಾಗುತ್ತದೆ, ಮುಟ್ಟಿಗೆ ಮುಂಚೆ ಕಲೆ ಕಾಣುತ್ತದೆ, ಆಮೇಲೆ ತಾರೀಖು ಜಾರುತ್ತದೆ. ಈ ಹಂತದಲ್ಲೇ ಊಟ ಹೆಚ್ಚಿಸಿದರೆ ಸರಿಹೋಗುವುದು ಸುಲಭ. ನಿಂತ ಮೇಲೆ ಮರಳಿ ಬರಲು ಹಲವು ತಿಂಗಳು ಹಿಡಿಯಬಹುದು, ಅಷ್ಟರಲ್ಲಿ ಅಂಡಾಶಯದಿಂದ ಬರುವ ಈಸ್ಟ್ರೋಜನ್ ಹಾರ್ಮೋನು ಇಲ್ಲದೆ ಮೂಳೆ ಸವೆಯುತ್ತಿರುತ್ತದೆ. ಗರ್ಭನಿರೋಧಕ ಮಾತ್ರೆ ನುಂಗುವವರು ಒಂದು ಮಾತು ನೆನಪಿಡಿ: ತಿಂಗಳು ತಿಂಗಳು ಬರುವ ಆ ಸ್ರಾವ ಮಾತ್ರೆ ನಿಲ್ಲಿಸಿದ್ದಕ್ಕೆ ಬರುವಂಥದ್ದು. ಊಟ ಸಾಕಾಗುತ್ತಿದೆಯೇ ಎನ್ನುವುದು ಅದರಿಂದ ತಿಳಿಯದು.

ಬೆಳೆಯುವ ವಯಸ್ಸಿನ ಹುಡುಗಿಯರು, ಕ್ರೀಡಾಪಟುಗಳು, ಮೊದಲೇ ಸಣಕಲು ಇರುವವರು ಆಹಾರ ತಜ್ಞರ ಜೊತೆ ಕೂತು ಯೋಜನೆ ಮಾಡಿಯೇ ಶುರುಮಾಡಲಿ. ಹಿಂದೆ ಊಟವನ್ನು ಅತಿಯಾಗಿ ಕಟ್ಟುನಿಟ್ಟು ಮಾಡಿಕೊಂಡು ಕಾಯಿಲೆ ಬಿದ್ದವರಂತೂ ಒಂಟಿಯಾಗಿ ಇದಕ್ಕೆ ಕೈಹಾಕಬಾರದು. ‘ಇದು ತಿನ್ನಲ್ಲ, ಅದು ತಿನ್ನಲ್ಲ’ ಎನ್ನಲು ಹೊಸ ಊಟಪದ್ಧತಿ ನೆಪವಾಗಿಬಿಡುತ್ತದೆ, ಮನೆಯವರಿಗೆ ಗೊತ್ತಾಗುವುದೂ ತಡವಾಗುತ್ತದೆ.

ಕಬ್ಬಿಣದ ಲೆಕ್ಕ

ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. 40 ಮಿಲಿಲೀಟರ್ ಹೋದರೆ 20 ಮಿಲಿಗ್ರಾಂ, 80 ಹೋದರೆ 40. ಚರ್ಮ, ಕರುಳಿನಿಂದ ದಿನವೂ ಹೋಗುವ ಸುಮಾರು ಒಂದು ಮಿಲಿಗ್ರಾಂ ಬೇರೆ. ಸಸ್ಯಗಳಲ್ಲಿರುವ ಕಬ್ಬಿಣದಲ್ಲಿ ದೇಹ ಹೀರಿಕೊಳ್ಳುವುದು ನೂರಕ್ಕೆ 2ರಿಂದ 20ರಷ್ಟು ಮಾತ್ರ. ಅದಕ್ಕೇ ಅಮೆರಿಕದ ಪೋಷಣಾ ಮಾನದಂಡ 19ರಿಂದ 50ರ ವಯಸ್ಸಿನ ಹೆಂಗಸರಿಗೆ ದಿನಕ್ಕೆ 18 ಮಿಲಿಗ್ರಾಂ ಎಂದು ಹೇಳಿ, ಸಸ್ಯಾಹಾರಿಗಳಿಗೆ ಅದರ 1.8 ಪಟ್ಟು, ಅಂದರೆ 32 ಮಿಲಿಗ್ರಾಂ ಬೇಕೆನ್ನುತ್ತದೆ.

32 ಮಿಲಿಗ್ರಾಂ ದಿನವೂ ಮುಟ್ಟುವುದು ಕಷ್ಟ. ಹೀರುವಿಕೆ ಹೆಚ್ಚಿಸುವುದು ಸುಲಭದ ದಾರಿ. ಮಸೂರ ಬೇಳೆ ಬೇಯಿಸಿದ್ದು ಒಂದು ಕಪ್ ಎಂದರೆ 6.6 ಮಿಲಿಗ್ರಾಂ ಕಬ್ಬಿಣ. ಅದರ ಜೊತೆಗೇ ಒಂದು ಕಿತ್ತಳೆ ಅಥವಾ ಅರ್ಧ ಕೆಂಪು ದೊಣ್ಣೆ ಮೆಣಸಿನಕಾಯಿಯನ್ನು ಹಸಿಯಾಗಿ ತಿನ್ನಿ. ಅವುಗಳಲ್ಲಿರುವ 70–90 ಮಿಲಿಗ್ರಾಂ ವಿಟಮಿನ್ ಸಿ ಆ ಕಬ್ಬಿಣವನ್ನು ಕರುಳು ಹೀರುವ ರೂಪಕ್ಕೆ ತರುತ್ತದೆ. ಬೆಳಗ್ಗೆ ತಿಂದ ಹಣ್ಣು ಮಧ್ಯಾಹ್ನದ ಬೇಳೆಗೆ ಕೆಲಸಕ್ಕೆ ಬರುವುದಿಲ್ಲ, ಒಂದೇ ಊಟದಲ್ಲಿರಬೇಕು. ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಸಿದರೆ ಸಿ ಹಾಳಾಗುತ್ತದೆ. ಕಾಳುಗಳನ್ನು 8–12 ತಾಸು ನೆನೆಸಿ, ನೀರು ಚೆಲ್ಲಿ, ಮೊಳಕೆ ಬರಿಸಿದರೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಕಡಿಮೆಯಾಗುತ್ತದೆ. ಕಾಫಿ, ಟೀಯನ್ನು ಊಟದಿಂದ ಒಂದು ತಾಸು ದೂರವಿಡಿ. ಕ್ಯಾಲ್ಸಿಯಂ ಮಾತ್ರೆಯೂ ಬೇರೆ ಹೊತ್ತಿಗೆ ಇರಲಿ.

ಫೆರಿಟಿನ್ ಕಡಿಮೆಯಿದ್ದರೆ ಊಟವೊಂದರಿಂದ ಅದು ಏರುವುದು ಬಹಳ ನಿಧಾನ. ವೈದ್ಯರು ಮಾತ್ರೆ ಬರೆಯುತ್ತಾರೆ. ದಿನ ಬಿಟ್ಟು ದಿನ ಒಂದು ಮಾತ್ರೆ ಸಾಕೇ ಎಂದು ಅವರನ್ನು ಕೇಳಿ. ಕಬ್ಬಿಣದ ಮಾತ್ರೆ ನುಂಗಿದ ಮೇಲೆ ಸುಮಾರು ಒಂದು ದಿನ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಮುಂದಿನ ಮಾತ್ರೆಯ ಹೀರುವಿಕೆಯನ್ನು ತಡೆಯುತ್ತದೆ. ಒಂದು ದಿನ ಬಿಟ್ಟರೆ ಪ್ರತಿ ಮಾತ್ರೆಯಿಂದಲೂ ಹೆಚ್ಚು ದಕ್ಕುತ್ತದೆ, ಹೊಟ್ಟೆಗೂ ಹಿತ. ಮಲ ಕಪ್ಪಾಗುವುದು ಸಹಜ. ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಪರೀಕ್ಷೆಯಿಲ್ಲದೆ ತಾವೇ ಮಾತ್ರೆ ಶುರುಮಾಡುವುದು ಬೇಡ.

ಬೇರೆ ಕಡೆಯಿಂದ ತುಂಬಿಕೊಳ್ಳಬೇಕಾದದ್ದು

ಬಿ12 ಸಸ್ಯಗಳಲ್ಲಿ ನೆಚ್ಚಿಕೊಳ್ಳುವಷ್ಟು ಇಲ್ಲ. ಸ್ಪಿರುಲಿನಾ ಎಂಬ ಪಾಚಿಯ ಪುಡಿಯಲ್ಲಿರುವುದು ಬಹುಪಾಲು ದೇಹಕ್ಕೆ ಉಪಯೋಗವಿಲ್ಲದ ಹುಸಿ ಬಿ12. ದಿನಕ್ಕೆ ಬೇಕಾದದ್ದು 2.4 ಮೈಕ್ರೋಗ್ರಾಂ. ಮಾತ್ರೆಯಲ್ಲಾದರೆ ದಿನಕ್ಕೆ 50 ಮೈಕ್ರೋಗ್ರಾಂ ಅಥವಾ ವಾರಕ್ಕೆ 2000. ಇಷ್ಟು ದೊಡ್ಡ ಅಂತರಕ್ಕೆ ಕಾರಣ, ಒಂದು ಸಲಕ್ಕೆ ಕರುಳು ಸರಿಯಾಗಿ ಹೀರುವುದು 2 ಮೈಕ್ರೋಗ್ರಾಂ ಆಸುಪಾಸು. ಮಿಕ್ಕದ್ದರಲ್ಲಿ ನೂರಕ್ಕೆ ಒಂದು ಪಾಲು ಒಳಹೋಗುತ್ತದೆ. ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವಷ್ಟು ದಾಸ್ತಾನು ಇರುವುದರಿಂದ ಕೊರತೆ ತಡವಾಗಿ ಕಾಣುತ್ತದೆ. ಸೊಪ್ಪಿನಲ್ಲಿ ಹೇರಳವಾಗಿರುವ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ರಕ್ತಹೀನತೆಯನ್ನು ಮರೆಮಾಚಬಹುದು, ನರಗಳಿಗೆ ಆಗುವ ಹಾನಿ ಮಾತ್ರ ನಿಲ್ಲುವುದಿಲ್ಲ. ಕೈಕಾಲು ಜುಮುಗುಟ್ಟುವವರೆಗೆ ಕಾಯದೆ ಮೊದಲ ವಾರದಿಂದಲೇ ಶುರುಮಾಡಿ.

ಅಯೋಡಿನ್ ದಿನಕ್ಕೆ 150 ಮೈಕ್ರೋಗ್ರಾಂ. ಹಾಲು, ಮೊಟ್ಟೆ, ಮೀನು ಬಿಟ್ಟವರಿಗೆ ಅಯೋಡಿನ್ ಸೇರಿಸಿದ ಉಪ್ಪೇ ಮುಖ್ಯ ಆಧಾರ. ಊಟದ ಜೊತೆಗೆ ಉಪ್ಪನ್ನೂ ಬದಲಿಸಿ ಕಲ್ಲುಪ್ಪು, ಗುಲಾಬಿ ಉಪ್ಪಿಗೆ ಹೋಗುವವರಿದ್ದಾರೆ. ಅವುಗಳಲ್ಲಿ ಸಾಮಾನ್ಯವಾಗಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಥೈರಾಯ್ಡ್ ನಿಧಾನವಾದರೆ ಸ್ರಾವ ಹೆಚ್ಚಬಹುದು, ತಾರೀಖೂ ತಪ್ಪಬಹುದು. ಕೆಲ್ಪ್ ಎಂಬ ಕಡಲಕಳೆಯಲ್ಲಿ ಅಯೋಡಿನ್ ವಿಪರೀತ, ಅದೂ ಥೈರಾಯ್ಡನ್ನು ಕೆಡಿಸುತ್ತದೆ.

ಕ್ಯಾಲ್ಸಿಯಂ ದಿನಕ್ಕೆ 1000 ಮಿಲಿಗ್ರಾಂ. ಮುಟ್ಟಿಗೆ ಮುಂಚಿನ ಸಿಡುಕು, ಮೈಭಾರ ಇರುವವರು ಇದನ್ನು ಬಿಡಬಾರದು: 1998ರ ಪ್ರಯೋಗವೊಂದರಲ್ಲಿ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಪಡೆದವರ ತೊಂದರೆ ಮೂರನೇ ಚಕ್ರದ ಹೊತ್ತಿಗೆ ಅರ್ಧದಷ್ಟು ಇಳಿದಿತ್ತು, ಹುಸಿ ಮಾತ್ರೆ ಪಡೆದವರಲ್ಲಿ ಮೂರನೇ ಒಂದು ಭಾಗದಷ್ಟೂ ಇಳಿದಿರಲಿಲ್ಲ. ಪಾಲಕ್ ಸೊಪ್ಪಿನ ಕ್ಯಾಲ್ಸಿಯಂ ಆಕ್ಸಲೇಟಿಗೆ ಸಿಕ್ಕಿ ಹೆಚ್ಚಿನಂಶ ಹಾಗೇ ಹೊರಹೋಗುತ್ತದೆ. ಕ್ಯಾಲ್ಸಿಯಂ ಹಾಕಿ ಹೆಪ್ಪುಗಟ್ಟಿಸಿದ ಟೋಫು, ಕ್ಯಾಲ್ಸಿಯಂ ಬೆರೆಸಿದ ಸೋಯಾ ಹಾಲು ನೆಚ್ಚಿಕೊಳ್ಳಬಹುದಾದವು. ಸೋಯಾ ಹಾಲಿನ ಡಬ್ಬವನ್ನು ಪ್ರತಿ ಸಲ ಚೆನ್ನಾಗಿ ಅಲುಗಾಡಿಸಿ ಬಗ್ಗಿಸಿ, ಇಲ್ಲದಿದ್ದರೆ ಕ್ಯಾಲ್ಸಿಯಂ ತಳದಲ್ಲೇ ಉಳಿಯುತ್ತದೆ. ಸತುವಿಗೆ ಕುಂಬಳಬೀಜ. ಒಮೆಗಾ-3ಕ್ಕೆ ದಿನಕ್ಕೊಂದು ದೊಡ್ಡ ಚಮಚ ಅಗಸೆಬೀಜದ ಪುಡಿ. ಇಡಿಯಾಗಿ ನುಂಗಿದರೆ ಹಾಗೇ ಹೊರಬರುತ್ತದೆ.

ನೋವು ಕಡಿಮೆಯಾಗುವುದು ಏಕೆ

ಗರ್ಭಕೋಶವನ್ನು ಹಿಂಡಿ ನೋವು ತರುವುದು ಪ್ರೊಸ್ಟಾಗ್ಲಾಂಡಿನ್‌ಗಳು. ದೇಹ ಅವನ್ನು ತಯಾರಿಸುವುದು ಮಾಂಸ, ಮೊಟ್ಟೆಯಲ್ಲಿ ನೇರವಾಗಿ ಸಿಗುವ ಅರಾಕಿಡೋನಿಕ್ ಆಮ್ಲದಿಂದ. ನಾರು ಹೆಚ್ಚಾದಾಗ ಕರುಳಿಗೆ ಬಂದ ಈಸ್ಟ್ರೋಜನ್ ಮರಳಿ ರಕ್ತಕ್ಕೆ ಸೇರುವುದೂ ಕಡಿಮೆಯಾಗುತ್ತದೆ. 2000ದಲ್ಲಿ ಪ್ರಕಟವಾದ, 33 ಹೆಂಗಸರ ಸಣ್ಣ ಪ್ರಯೋಗದಲ್ಲಿ ಕೊಬ್ಬು ಕಡಿಮೆಯಿರುವ ಪೂರ್ತಿ ಸಸ್ಯಾಹಾರದಿಂದ ನೋವಿನ ದಿನಗಳು ಸರಾಸರಿ 3.9ರಿಂದ 2.7ಕ್ಕೆ ಇಳಿದವು. ಅವರ ತೂಕವೂ ಇಳಿದಿತ್ತು, ಆದ್ದರಿಂದ ಪೂರ್ತಿ ಶ್ರೇಯಸ್ಸು ಊಟಕ್ಕೇ ಕೊಡಲಾಗದು. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥ ಪದರ ಹೊರಗೆ ಬೆಳೆಯುವ ಕಾಯಿಲೆ), ಗರ್ಭಕೋಶದ ಗೆಡ್ಡೆ ಊಟದಿಂದ ವಾಸಿಯಾಗುವುದಿಲ್ಲ.

ನಾರು ಒಮ್ಮೆಗೇ ಏರಿಸಬೇಡಿ, ವಾರಕ್ಕೆ 5 ಗ್ರಾಂನಂತೆ ಏರಿಸಿದರೆ ಸಾಕು, ನೀರೂ ಹೆಚ್ಚಲಿ. ಗಾಳಿ ತುಂಬಿದ ಕರುಳಿನ ನೋವನ್ನು ಮುಟ್ಟಿನ ನೋವೆಂದು ತಿಳಿದು ಊಟವನ್ನೇ ಬಿಡುವವರು ಬಹಳ. ಅತಿ ನಾರೂ ಒಳ್ಳೆಯದಲ್ಲ: 2009ರ ಅಧ್ಯಯನವೊಂದರಲ್ಲಿ ಹೆಚ್ಚು ನಾರು ತಿನ್ನುವವರಲ್ಲಿ ಅಂಡ ಬಿಡುಗಡೆಯಾಗದ ಚಕ್ರಗಳು ಹೆಚ್ಚು ಕಂಡವು.

ಸೋಯಾ ಬಗ್ಗೆ ಭಯ ಬೇಡ. ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಚಕ್ರ ಉದ್ದವಾದದ್ದು ಸುಮಾರು ಒಂದು ದಿನ ಮಾತ್ರ. ದಿನಕ್ಕೆ 100 ಗ್ರಾಂ ಟೋಫು, ಒಂದು ಲೋಟ ಸೋಯಾ ಹಾಲು ಧಾರಾಳವಾಗಿ ಸೇವಿಸಿ. ಸೋಯಾದಿಂದ ತೆಗೆದ ಐಸೋಫ್ಲೇವನ್ ಮಾತ್ರೆಗಳು ಬೇಡ. ಥೈರಾಯ್ಡ್ ಮಾತ್ರೆಗೂ ಸೋಯಾಕ್ಕೂ 4 ತಾಸು ಅಂತರವಿರಲಿ.

ಯಾವಾಗ ವೈದ್ಯರ ಹತ್ತಿರ

ಅಂಡಾಶಯದಲ್ಲಿ ಅಂಡವಿರುವ ಪುಟ್ಟ ಚೀಲ ಬಲಿಯಲು ಸುಮಾರು ಮೂರು ತಿಂಗಳು ಬೇಕಾಗುವುದರಿಂದ ಊಟದ ಪರಿಣಾಮವನ್ನು ಮೂರನೇ ಚಕ್ರದಲ್ಲಿ ಅಳೆಯಿರಿ. ಒಂದು ವಾರ ಆಚೀಚೆಯಾದರೆ ಗಾಬರಿ ಬೇಡ. ಕೆಲವಕ್ಕೆ ಮಾತ್ರ ಕಾಯಬಾರದು: ತಾಸಿಗೊಂದು ಪ್ಯಾಡ್ ತೊಯ್ದು ಎರಡು ತಾಸು ದಾಟಿದರೆ, ಎರಡೂವರೆ ಸೆಂಟಿಮೀಟರ್‌ಗಿಂತ ದೊಡ್ಡ ಹೆಪ್ಪು ಬಿದ್ದರೆ, ಎರಡು ಮುಟ್ಟಿನ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ, ಮಾತ್ರೆಗೂ ಜಗ್ಗದ ನೋವಿದ್ದರೆ. ತಾರೀಖು ಮೀರಿದರೆ ಮೊದಲು ಗರ್ಭಪರೀಕ್ಷೆ. ಅದು ಇಲ್ಲವೆಂದಾಗಿ ಮೂರು ತಿಂಗಳು ಮುಟ್ಟು ಬರದಿದ್ದರೆ ಹೋಗಲೇಬೇಕು. ಹೋಗುವಾಗ ಬರೆದಿಟ್ಟ ಲೆಕ್ಕ, ಹಳೆಯ ರಕ್ತಪರೀಕ್ಷೆ, ತೂಕದ ಏರಿಳಿತ, ಒಂದು ದಿನ ಏನೇನು ಎಷ್ಟೆಷ್ಟು ತಿನ್ನುತ್ತೀರಿ ಎಂಬ ಪಟ್ಟಿ ಜೊತೆಗಿರಲಿ. ಊಟ ಬದಲಿಸಿದ ದಿನಾಂಕವನ್ನೂ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರನ್ನೂ ಅವರು ಕೇಳುವ ಮೊದಲೇ ಹೇಳಿ.