ದವಾಖಾನೆಗೆ ಇಬ್ಬರೂ ಹೋಗಿ

ಅರವತ್ತು ದಾಟಿದ ಗಂಡ-ಹೆಂಡತಿಯಲ್ಲಿ ಒಬ್ಬರಿಗೆ ಬಿ.ಪಿ. ಇಲ್ಲವೇ ಸಕ್ಕರೆ ಕಾಯಿಲೆ ಬಂತೆಂದರೆ ಇನ್ನೊಬ್ಬರದನ್ನೂ ಅದೇ ವಾರ ತಪಾಸಿಸಿ. ಒಲೆ ಒಂದೇ, ಉಪ್ಪು ಒಂದೇ, ನಿದ್ದೆಗೆಡುವ ರಾತ್ರಿಯೂ ಒಂದೇ. ನಮ್ಮ ಕಡೆ ಸೋದರಿಕೆಯಲ್ಲಿ ಮದುವೆಯಾದವರೂ ಬಹಳ. ಅವರಿಗೆ ಮನೆತನದ ಕಾಯಿಲೆಯೂ ಒಂದೇ ಇರಬಹುದು.

ಉಪ್ಪಿನ ಲೆಕ್ಕ ಸುಲಭ. ಒಬ್ಬರಿಗೆ ದಿನಕ್ಕೆ 5 ಗ್ರಾಂ ದಾಟಬಾರದು, ಅಂದರೆ ಇಬ್ಬರಿಗೆ ತಿಂಗಳಿಗೆ 300 ಗ್ರಾಂ. ಪ್ಯಾಕೆಟ್ ಒಡೆದ ತಾರೀಖನ್ನು ಅದರ ಮೇಲೇ ಬರೆಯಿರಿ. ಇಬ್ಬರೇ ಇರುವ ಮನೆಯಲ್ಲಿ ಒಂದು ಕಿಲೋ ಮೂರು ತಿಂಗಳಿಗೆ ಮೊದಲೇ ಮುಗಿದರೆ ಕೈ ಜಾಸ್ತಿಯಾಗಿದೆ. ಅಂಗಡಿಯ ಉಪ್ಪಿನಕಾಯಿ, ಹಪ್ಪಳ ಈ ಲೆಕ್ಕದ ಹೊರಗಿವೆ; ಅವನ್ನು ತಿನ್ನುವವರ ಪ್ಯಾಕೆಟ್ ಇನ್ನೂ ಹೆಚ್ಚು ದಿನ ಬರಬೇಕು. ಗಂಡನಿಗೆಂದು ಬೇರೆ ಸಪ್ಪೆ ಅಡುಗೆ ಮಾಡುವುದು ಬಹಳ ದಿನ ನಡೆಯುವುದಿಲ್ಲ. ಇಬ್ಬರಿಗೂ ಒಂದೇ ಬೇಳೆ, ಒಂದೇ ಪಲ್ಯ ಇರಲಿ. ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ ಅರ್ಧಕ್ಕಿಳಿಯಲಿ.

ಹೆಚ್ಚು ಅನಾಹುತ ಆಗುವುದು ಊಟದ ಹೊತ್ತಿನಲ್ಲಿ. ಹೆಂಡತಿ ಬೆಳಿಗ್ಗೆ ಸಕ್ಕರೆ ಗುಳಿಗೆ ನುಂಗಿ, ಅವರು ಉಂಡ ಮೇಲೆ ಉಣ್ಣುತ್ತೇನೆಂದು ಕಾಯುತ್ತಾಳೆ. ಗ್ಲಿಮೆಪಿರೈಡ್ ಎಂಬ ಸಕ್ಕರೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ಕಾದರೆ ಸಕ್ಕರೆ ಕುಸಿಯುತ್ತದೆ: ಬೆವರು, ನಡುಕ, ಮಾತು ತಡವರಿಕೆ. ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. 15 ನಿಮಿಷಕ್ಕೆ ಮತ್ತೆ ನೋಡಿ, ತಿಳಿಯಾದ ಮೇಲೆ ಊಟ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ. ಶ್ರಾವಣ ಸೋಮವಾರದ ಒಪ್ಪತ್ತಿಗಾಗಲಿ, ರಂಜಾನ್ ರೋಜಾಕ್ಕಾಗಲಿ ಮೊದಲೇ ಡಾಕ್ಟರನ್ನು ಕೇಳಿ ಗುಳಿಗೆಯ ಪ್ರಮಾಣ ಬದಲಿಸಿಕೊಳ್ಳಬೇಕು. ಗುಳಿಗೆ ಡಬ್ಬಿಗಳು ಎರಡು ಬಣ್ಣದವಿರಲಿ. ಒಬ್ಬರಿಗೆ ಗುಣವಾಯಿತೆಂದು ಇನ್ನೊಬ್ಬರು ಅವರದನ್ನೇ ನುಂಗಬಾರದು.

ಲಕ್ವಾ ಹೊಡೆದು ಒಬ್ಬರು ಹಾಸಿಗೆ ಹಿಡಿದರೆ ನೋಡಿಕೊಳ್ಳುವವರ ಕಡೆ ಕಣ್ಣಿಡಿ. 2006ರಲ್ಲಿ ಅಮೆರಿಕದ ಐದು ಲಕ್ಷಕ್ಕೂ ಹೆಚ್ಚು ದಂಪತಿಗಳ ಅಧ್ಯಯನ ಪ್ರಕಟವಾಯಿತು: ಒಬ್ಬರು ಆಸ್ಪತ್ರೆ ಸೇರಿದಾಗ ಇನ್ನೊಬ್ಬರ ಸಾವಿನ ಅಪಾಯವೂ ಏರುತ್ತಿತ್ತು, ಮರೆವಿನ ಕಾಯಿಲೆಯಲ್ಲಂತೂ ಬಹಳ. ರೋಗಿಯನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ವಯಸ್ಸಾದ ಒಬ್ಬರಿಗೇ ಇದು ಆಗದ ಕೆಲಸ. ವಾರಕ್ಕೆ ಎರಡು ರಾತ್ರಿಯಾದರೂ ಮಕ್ಕಳು ಎಚ್ಚರವಿರಲಿ. ರಟ್ಟೆ ಹಿಡಿದು ಎಳೆಯಬೇಡಿ, ಕೆಳಗೆ ಹಾಸಿದ ಚಾದರವನ್ನು ಇಬ್ಬರು ಹಿಡಿದು ಸರಿಸಿ. ನೋಡಿಕೊಳ್ಳುವವರ ತೂಕವನ್ನು ತಿಂಗಳಿಗೊಮ್ಮೆ ಬರೆದಿಡಿ. ತಾನಾಗಿ ಇಳಿಯುತ್ತಿದ್ದರೆ ದವಾಖಾನೆಗೆ ಕರೆದೊಯ್ಯಿರಿ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್ ಸರಕಾರಿ ದವಾಖಾನೆಗಳಿಗೆ ಹೋದ ದಿನ ಇಬ್ಬರ ಹೆಸರಲ್ಲೂ ಚೀಟಿ ಮಾಡಿಸಿ. ಒಬ್ಬರು ತೀರಿಕೊಂಡ ಮನೆಯಲ್ಲಿ ಉಳಿದವರ ಗುಳಿಗೆ ಡಬ್ಬಿ ಯಾರು ನೋಡುತ್ತಾರೆಂದು ದಿನಕರ್ಮಕ್ಕೆ ಕಾಯದೆ ಆ ದಿನವೇ ಗೊತ್ತುಮಾಡಿ.