ಎರಡನೇ ಗೇರು ಹಾರುತ್ತಿದ್ದ ಜೀಪು

ದೇವಿಮನೆ ಘಟ್ಟ ಇಳಿಯುವಾಗ ಎರಡನೇ ಗೇರಿನ ಕಡ್ಡಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದೇ ಕೂರಬೇಕಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಟಕ್ ಅಂತ ನ್ಯೂಟ್ರಲ್‌ಗೆ ಹಾರುತ್ತಿತ್ತು. ಕುಮಟಾ ತಲುಪುವಷ್ಟರಲ್ಲಿ ಅಂಗೈ ಕೆಂಪಾಗಿರುತ್ತಿತ್ತು.

ಗಾಡಿ ಅಪ್ಪಯ್ಯನ ಕಾಲದ್ದು. ವಿಲ್ಲಿಸ್ ಮಾದರಿಯ ಜೀಪು, ಮೂರು ಗೇರಿನ ಟಿ-90 ಗೇರ್‌ಬಾಕ್ಸ್, ಅದರ ಬೆನ್ನಿಗೆ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್. ಆಷಾಢದಲ್ಲಿ ಜೀಪಿಗೆ ಹೇಗೂ ಕೆಲಸ ಇಲ್ಲ. ಅಡಿಕೆ ತೋಟಕ್ಕೆ ಕೊಳೆರೋಗದ ಮದ್ದು ಒಂದು ಸುತ್ತು ಹೊಡೆದು ಮುಗಿದಿತ್ತು. ಎರಡನೇ ಸುತ್ತಿನೊಳಗೆ ಮುಗಿಸೋಣ ಅಂತ ಕೊಟ್ಟಿಗೆ ಮಾಡಿನಲ್ಲೇ ಬಿಚ್ಚಲು ಕೂತೆ.

ಎಣ್ಣೆ ಇಳಿಸಿದಾಗಲೇ ಒಂದು ವಿಷಯ ಗೊತ್ತಾಯಿತು. ಗೇರ್‌ಬಾಕ್ಸಿನಿಂದ ಬಂದದ್ದು ಕಮ್ಮಿ, ಟ್ರಾನ್ಸ್‌ಫರ್ ಕೇಸಿನಿಂದ ಜಾಸ್ತಿ. ಈ ಜೋಡಿಯಲ್ಲಿ ಎಣ್ಣೆ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಅದಕ್ಕೇ ಎರಡರ ಮಟ್ಟವನ್ನೂ ನೋಡುತ್ತಿರಬೇಕು. ಎಂಜಿನ್ನಿಗೆ ಹಲಗೆ ಕೊಟ್ಟು ಜಾಕ್ ಏರಿಸಿ, ತೊಲೆಗೆ ಚೈನ್ ಬ್ಲಾಕ್ ಕಟ್ಟಿ ಎರಡನ್ನೂ ಒಟ್ಟಿಗೇ ಇಳಿಸಿದೆ.

ಇವೆರಡನ್ನು ಬೇರೆ ಮಾಡುವುದರಲ್ಲೇ ಅರ್ಧ ದಿನ ಹೋಯಿತು. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಮುಚ್ಚಳ ತೆಗೆದರೆ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಮುಖ್ಯ ದಂಡದ, ಅಂದರೆ ಮೇನ್‌ಶಾಫ್ಟಿನ ತುದಿ ಕಾಣುತ್ತದೆ. ಸ್ಪ್ಲಿಟ್ ಪಿನ್ ಕಿತ್ತು, ನಟ್ಟು ಬಿಚ್ಚಿ, ಗೇರು ಎಳೆಯಬೇಕು. ಅದಕ್ಕೂ ಮೊದಲು ಎರಡನೇ ಗೇರಿನ ಹಿಂದೆ ಮೇನ್‌ಶಾಫ್ಟಿಗೆ ತಂತಿ ಸುತ್ತಿ ಮುಂದಕ್ಕೆ ಬಿಗಿಯಬೇಕು. ಇಲ್ಲದಿದ್ದರೆ ಶಾಫ್ಟೂ ಹಿಂದಕ್ಕೆ ಬರುತ್ತದೆ, ಗೇರು ಬದಲಿಸುವಾಗ ವೇಗ ಹೊಂದಿಸುವ ಸಿಂಕ್ರೊ ಒಳಗೇ ಕಳಚಿಕೊಳ್ಳುತ್ತದೆ.

ಮೇನ್‌ಶಾಫ್ಟಿನ ಕೆಳಗೆ ಅಡ್ಡ ಮಲಗಿರುವ ಇನ್ನೊಂದು ದಂಡ ಕೌಂಟರ್‌ಶಾಫ್ಟ್; ಅದರ ಗೇರುಗುಚ್ಛ ಕೂರುವುದು ಬಿಡಿ ಸೂಜಿ ರೋಲರುಗಳ ಮೇಲೆ. ಶಾಫ್ಟನ್ನು ಸುಮ್ನೆ ಹೊಡೆದು ತೆಗೆದರೆ ಅಷ್ಟೂ ಡಬ್ಬಿಯೊಳಗೆ ಚೆಲ್ಲುತ್ತವೆ. ಅದಕ್ಕೆ ಬೇಕಾದದ್ದು ಶಾಫ್ಟಿಗಿಂತ ಕೂದಲೆಳೆ ಸಪೂರದ, ಗುಚ್ಛದಷ್ಟೇ ಉದ್ದದ ಒಂದು ಡಮ್ಮಿ. ನಮ್ಮೂರ ಬಡಗಿ ಸಾಗವಾನಿಯಲ್ಲಿ ಹೆರೆದು ಕೊಟ್ಟರು. ಅಸಲಿ ಶಾಫ್ಟ್ ಹಿಂದಕ್ಕೆ ಹೋದಂತೆ ಡಮ್ಮಿ ಅದರ ಜಾಗಕ್ಕೆ ಬಂತು. ರೋಲರುಗಳನ್ನು ಆಮೇಲೆ ಅಡಿಕೆ ಹಾಳೆತಟ್ಟೆಗೆ ಹಾಕಿ ಎಣಿಸಿ ಬರೆದಿಟ್ಟೆ. ಶಾಫ್ಟಿನ ಮೇಲೆ ಉಗುರಿಗೆ ಸಿಗುವಷ್ಟು ಗುಳಿ ಬಿದ್ದಿತ್ತು. ಸಿಂಕ್ರೊ ಮೇಲೆ ಜಾರುವ ಬಳೆಯ (ಸ್ಲೀವ್) ಹಲ್ಲುಗಳು ಮೊಂಡಾಗಿದ್ದವು. ಹುಬ್ಬಳ್ಳಿಗೆ ಬಸ್ಸು ಹತ್ತಿ ಅವನ್ನೆಲ್ಲ ಹೊಸದಾಗಿ ತಂದೆ.

ಜೋಡಿಸುವಾಗ ಕಾಡಿದ್ದು ಗುಚ್ಛದ ಎರಡೂ ತುದಿಯ ಥ್ರಸ್ಟ್ ವಾಷರು, ಅಂದರೆ ಗುಚ್ಛ ಅತ್ತಿತ್ತ ಸರಿಯದಂತೆ ತಡೆಯುವ ಬಿಲ್ಲೆ. ಗ್ರೀಸಿನಲ್ಲಿ ಅಂಟಿಸಿದರೂ ಎರಡು ಸಲ ಜಾರಿ ಬಿತ್ತು. ಮೂರನೇ ಸಲ ಉಸಿರು ಹಿಡಿದು ಶಾಫ್ಟ್ ತೂರಿಸಿದೆ.

ಬಾಕ್ಸನ್ನು ಎಂಜಿನ್ನಿಗೆ ವಾಪಸ್ ಏರಿಸುವಾಗ ಬೋಲ್ಟು ಬಿಗಿದು ಎಳೆಯಲು ಹೋಗಬೇಡಿ. ನಾನು ತಲೆ ಕತ್ತರಿಸಿದ ಎರಡು ಉದ್ದ ಬೋಲ್ಟುಗಳನ್ನು ದಾರಿಗಂಬದ ಹಾಗೆ ಹಾಕಿಕೊಂಡೆ. ಗೇರಿನಲ್ಲಿಟ್ಟು ಹಿಂದಿನ ಯೋಕ್ (ಪ್ರೊಪೆಲ್ಲರ್ ಶಾಫ್ಟ್ ಕೂಡುವ ಕೊಂಡಿ) ತುಸು ತಿರುಗಿಸಿದ್ದೇ ತಡ, ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ಗೀರುಹಲ್ಲು (ಸ್ಪ್ಲೈನು) ಕ್ಲಚ್ ಪ್ಲೇಟಿನೊಳಗೆ ತಾನಾಗಿ ಹೋಯಿತು. ಗೇರ್‌ಬಾಕ್ಸಿಗೆ 90ರ ಎಣ್ಣೆ, ಜಿಎಲ್-4 ದರ್ಜೆಯದು. ಕೆಲವು ಜಿಎಲ್-5 ಎಣ್ಣೆಗಳ ಗಂಧಕದ ಅಂಶ ಸಿಂಕ್ರೊದ ಹಿತ್ತಾಳೆ ರಿಂಗನ್ನು ತಿನ್ನುತ್ತದೆ.

ಮೊದಲ ಇಳಿಜಾರಿನಲ್ಲೇ ಮತ್ತೆ ಟಕ್! ಅಳುವುದೊಂದು ಬಾಕಿ.

ಪಕ್ಕದ ಮನೆ ಭಾವ ಬಂದು ಕಡ್ಡಿ ಅಲ್ಲಾಡಿಸಿ ಕೇಳಿದರು, "ಮೇಲಿನ ಮುಚ್ಚಳದ ಸ್ಪ್ರಿಂಗು ಹಳೇದೇ ಹಾಕಿದ್ಯಾ?"

ಹೌದು, ಹಳೇದೇ. ಗೇರು ಹಾಕಿದಾಗ ಮುಚ್ಚಳದೊಳಗೆ ಸರಿಯುವ ಕಂಬಿಯನ್ನು ಅಲ್ಲೇ ಹಿಡಿದಿಡುವುದು ಒಂದು ಗುಂಡು, ಅದರ ಹಿಂದೊಂದು ಪುಟ್ಟ ಸ್ಪ್ರಿಂಗು. ನೋಡಲು ಚೆನ್ನಾಗಿದೆ ಅಂತ ತೊಳೆದು ವಾಪಸ್ ಹಾಕಿದ್ದೆ. ಹೊಸದರ ಪಕ್ಕ ನಿಲ್ಲಿಸಿದರೆ ಎರಡು ಸುತ್ತಿನಷ್ಟು ಗಿಡ್ಡ! ಎರಡು ಚಹಾದ ದುಡ್ಡಿನ ಸಾಮಾನು. ಅದನ್ನು ಬದಲಿಸಲು ಬಾಕ್ಸ್ ಇಳಿಸಬೇಕಿಲ್ಲ, ಕಾಲಡಿಯ ತಗಡು ತೆಗೆದರೆ ಸಾಕು. ಸವೆದ ಶಾಫ್ಟ್ ಹೇಗೂ ಬದಲಾಗಬೇಕಿತ್ತು ಅಂತ ಸಮಾಧಾನ ಮಾಡಿಕೊಂಡೆ.

ಈಗ ಘಟ್ಟ ಇಳಿಯುವಾಗ ಎಡಗೈ ಖಾಲಿ. ಮೊದಲನೇ ಗೇರಿಗೆ ಸಿಂಕ್ರೊ ಇಲ್ಲದ ಕಾರಣ ಗಾಡಿ ಪೂರ್ತಿ ನಿಲ್ಲಿಸಿಯೇ ಹಾಕುತ್ತೇನೆ. ಭಾವ ಪಕ್ಕದಲ್ಲಿ ಕೂತಿದ್ದರೆ ಇನ್ನೂ ಜಾಸ್ತಿ ಹೊತ್ತು ನಿಲ್ಲಿಸುತ್ತೇನೆ.