ತಿಂದೇ ಹದಿನಾಲ್ಕು ಕೆಜಿ ಇಳಿಸಿದೆ: ಮಂಡಕ್ಕಿ, ಉಸಲಿ, ನುಚ್ಚಿನುಂಡೆ

ಸಂಜೆ ಐದು ಗಂಟೆಗೆ ಹೊಟ್ಟೆ ತುಂಬಾ ತಿನ್ನಿ, ತೂಕ ತಾನಾಗಿ ಇಳಿಯುತ್ತೆ ಅಂತ ನಾನು ಹೇಳಿದಾಗ ನಕ್ಕವರೇ ಜಾಸ್ತಿ. "ಅತ್ತಿಗೆ, ನಿಮಗೆ ತಿನ್ನೋಕೆ ಒಂದು ನೆಪ ಬೇಕಷ್ಟೇ" ಅಂದಳು ನಾದಿನಿ. ಈಗ ಅವಳೇ ಭಾನುವಾರ ಫೋನ್ ಮಾಡಿ ಬೇಳೆ ಎಷ್ಟು ಹೊತ್ತು ನೆನೆಸಬೇಕು ಅಂತ ಕೇಳುತ್ತಾಳೆ. 81 ಕೆಜಿ ಇದ್ದವಳು 67ಕ್ಕೆ ಬಂದಿದ್ದೇನೆ. ವರ್ಷದ ಮೇಲೆ ಮೂರ್ನಾಲ್ಕು ತಿಂಗಳು ಹಿಡಿಯಿತು. ನನ್ನ ಎತ್ತರ ಐದಡಿ ಎರಡಿಂಚು. ಆ ಲೆಕ್ಕಕ್ಕೆ ಇನ್ನೂ ಇಳಿಸೋದಿದೆ, ಇಳಿಸುತ್ತೇನೆ.

ಅಡುಗೆಮನೆ ತಕ್ಕಡಿ, ಕ್ಯಾಲೊರಿ ಲೆಕ್ಕ, ಬೆಳಗಿನ ವಾಕಿಂಗ್ ಇದೆಲ್ಲ ನಿಮಗೆ ಗೊತ್ತಿರುವುದೇ. ಆ ಪುರಾಣ ಬೇಡ. ಸಂಜೆ ತಿಂಡಿ, ರಾತ್ರಿಯ ಸಣ್ಣ ಊಟ, ಇವೆರಡನ್ನೇ ಹೇಳುತ್ತೇನೆ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯಿತು ಅಂತ ಹೇಳಿಬಿಡ್ತೀನಿ. ಒಂದು ಡಯಟ್ ಸೆಂಟರಿಗೆ ಮೂರು ತಿಂಗಳಿಗೆ ಹನ್ನೆರಡು ಸಾವಿರದ ಹತ್ತಿರ ಕಟ್ಟಿದೆ. ರಾತ್ರಿ ಊಟದ ಬದಲು ಪುಡಿ ಕಲಸಿ ಕುಡಿಯಿರಿ ಅಂದರು. ಆ ಡಬ್ಬಿಯ ದುಡ್ಡು ಬೇರೆ, ಒಂದಕ್ಕೆ ಎರಡೂವರೆ ಸಾವಿರ. ಐದು ಕೆಜಿ ಇಳಿಯಿತು. ಪುಡಿ ಬಿಟ್ಟ ಮೇಲೆ ಆರು ಕೆಜಿ ಬಂತು. ಆಮೇಲೆ ಕಿನ್ವಾ, ಚಿಯಾ, ಓಟ್ಸ್ ಅಂತ ಡಬ್ಬಿಗಳು ಸಾಲಾಗಿ ಬಂದವು. ಓಟ್ಸಿಗೆ ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡಿದರೆ ನಮ್ಮ ಮನೆಯವರು ಒಂದು ತುತ್ತು ತಿಂದು, "ಇದು ಯಾರಿಗೆ ಮಾಡಿದ್ದು?" ಅಂದರು. ಡಯಟ್ ಮಿಕ್ಸ್‌ಚರ್ ಅಂತ ಒಂದು ಪೊಟ್ಟಣ ತಂದೆ, 200 ಗ್ರಾಮಿಗೆ ನೂರೆಂಬತ್ತು ರೂಪಾಯಿ. ಹಿಂದೆ ತಿರುಗಿಸಿ ಓದಿದರೆ ನೂರು ಗ್ರಾಮಿಗೆ 480 ಕ್ಯಾಲೊರಿ ಚಿಲ್ಲರೆ. ಮಾಮೂಲಿ ಖಾರಾ ಮಿಕ್ಸ್‌ಚರಿಗಿಂತ ಹೆಚ್ಚೇನೂ ಕಮ್ಮಿ ಇರಲಿಲ್ಲ.

ಏರ್ ಫ್ರೈಯರಿಗೆ ಆರು ಸಾವಿರ. ಅದರಲ್ಲಿ ನಿಪ್ಪಟ್ಟು ಮಾಡೋಣ ಅಂತ ನನ್ನ ಆಸೆ. ಮೊದಲ ಸಲ ಮಾಡಿದ್ದು ಹಲ್ಲಿಗೆ ಬಗ್ಗಲಿಲ್ಲ. ಹಿಟ್ಟಿಗೆ ಬಿಸಿ ಎಣ್ಣೆ ಜಾಸ್ತಿ ಹಾಕಿ ಇನ್ನೊಂದು ಸಲ ಮಾಡಿದೆ. ಗರಿಗರಿಯಾಗಿ ಚೆನ್ನಾಗೇ ಬಂತು. ಆಮೇಲೆ ಹಿಟ್ಟಿಗೆ ಹಾಕಿದ ಎಣ್ಣೆ, ಕಡಲೆಕಾಯಿ, ಎಳ್ಳು ಎಲ್ಲ ಲೆಕ್ಕ ಹಾಕಿದೆ. ಕರಿದದ್ದಕ್ಕೂ ಇದಕ್ಕೂ ಕಾಲು ಭಾಗವೂ ವ್ಯತ್ಯಾಸ ಇರಲಿಲ್ಲ. ಈಗ ಅದರಲ್ಲಿ ಹಪ್ಪಳ ಸುಡುತ್ತೇವೆ. ಹಪ್ಪಳಕ್ಕೆ ಮಾತ್ರ ಭೇಷಾದ ಯಂತ್ರ.

ದಾರಿ ಸಿಕ್ಕಿದ್ದು ಬರೆದಿಟ್ಟುಕೊಂಡಾಗ. ಎರಡು ವಾರ ತಿಂದದ್ದನ್ನೆಲ್ಲ ಗಂಟೆ ಸಮೇತ ಬರೆದೆ. ಬೆಳಗಿನ ತಿಂಡಿ ಸರಿಯಾಗೇ ಇತ್ತು. ಮಧ್ಯಾಹ್ನದ ಡಬ್ಬಿಯೂ ಪರವಾಗಿಲ್ಲ. ಕೆಟ್ಟದ್ದೆಲ್ಲ ಸಂಜೆ ಐದರಿಂದ ಎಂಟೂವರೆಯ ಒಳಗೆ. ಆಫೀಸು ಬಿಟ್ಟ ಮೇಲೆ ಬೇಕರಿಯ ಒಂದು ಪಫ್, ಮನೆಗೆ ಬಂದು ಕಾಫಿ, ಕಾಫಿ ಜೊತೆ ಎರಡು ಹಿಡಿ ಮಿಕ್ಸ್‌ಚರ್, ಅಡುಗೆ ಮಾಡುತ್ತಾ ಬಾಯಿಗೆ ಹಾಕಿಕೊಳ್ಳುವ ಕಡಲೆಕಾಯಿ. ಅದೇ ಏಳುನೂರು ಕ್ಯಾಲೊರಿ ದಾಟುತ್ತಿತ್ತು. ಇಷ್ಟಾದರೂ ಹೊಟ್ಟೆ ತುಂಬಿದ ಹಾಗಿಲ್ಲ. ರಾತ್ರಿ ಊಟವೂ ಪೂರ್ತಿ. ರಾತ್ರಿ ಊಟ ಬಿಡಿ ಅಂತ ಎಲ್ಲರೂ ಹೇಳುತ್ತಿದ್ದರು. ನಾನು ಬಿಡಲಿಲ್ಲ. ಐದು ಗಂಟೆಗೆ ಇನ್ನೂರು ಕ್ಯಾಲೊರಿಯ ಗಟ್ಟಿ ತಿಂಡಿ ತಿಂದರೆ ರಾತ್ರಿ ಊಟ ತಾನಾಗಿ ಕುಗ್ಗುತ್ತೆ ಅನ್ನುವುದು ನನ್ನ ಲೆಕ್ಕ. ಕುಗ್ಗಿತು ಕೂಡ. ಆದರೆ ಯಾವ ತಿಂಡಿ ಅನ್ನುವುದರಲ್ಲೇ ಇರೋದು ಎಲ್ಲಾ.

ನನ್ನ ತವರು ದಾವಣಗೆರೆ. ಮಂಡಕ್ಕಿ ಬಿಡು ಅಂದರೆ ಆಗುವ ಮಾತಲ್ಲ. ಮಂಡಕ್ಕಿ ಹಗುರ, ಡಯಟ್‌ಗೆ ಒಳ್ಳೇದು ಅಂತಾರಲ್ಲ, ಅದು ಅರ್ಧ ನಿಜ. 25 ಗ್ರಾಂ ತೂಗಿದರೆ ದೊಡ್ಡ ಬೋಗುಣಿ ತುಂಬುತ್ತೆ, 90 ಕ್ಯಾಲೊರಿ ಇರಬಹುದು. ಆದರೆ ಅದು ಬರೀ ಅಕ್ಕಿ. ಮುಕ್ಕಾಲು ಗಂಟೆಗೆ ಮತ್ತೆ ಹಸಿವು. ಜೊತೆಗೆ ಮೆಣಸಿನಕಾಯಿ ಬಜ್ಜಿ ಇಲ್ಲದೆ ಗಂಟಲಲ್ಲಿ ಇಳಿಯೋಲ್ಲ, ಅಲ್ವಾ? ನಮ್ಮೂರ ಒಗ್ಗರಣೆ ಮಂಡಕ್ಕಿಗೆ ಕೊನೆಯಲ್ಲಿ ಹುರಿಗಡಲೆ ಪುಡಿ ಉದುರಿಸುವುದು ಇದ್ದೇ ಇದೆ. ನಾನು ಮಂಡಕ್ಕಿ ಕಮ್ಮಿ ಮಾಡಿ ಪುಡಿ ಜಾಸ್ತಿ ಮಾಡಿದೆ. ಒಬ್ಬರಿಗೆ 20 ಗ್ರಾಂ ಮಂಡಕ್ಕಿ, 20 ಗ್ರಾಂ ಪುಡಿ. ಪುಡಿ ಇಷ್ಟಾದರೆ ಅಂಗುಳಕ್ಕೆ ಅಂಟುತ್ತೆ. ಅದಕ್ಕೆ ಈರುಳ್ಳಿ, ಟೊಮೆಟೊ ಎರಡು ಪಾಲು ಹಾಕಬೇಕು, ಟೊಮೆಟೊ ರಸ ಬಿಡುವ ಹೊತ್ತಿಗೆ ಪುಡಿ ಸೇರಿಸಬೇಕು. ಎಣ್ಣೆ ಒಂದೇ ಟೀ ಚಮಚ. ಎಲ್ಲ ಸೇರಿ 210 ಕ್ಯಾಲೊರಿ ಆಸುಪಾಸು. ಬಜ್ಜಿ ಬದಲು, ಬಜ್ಜಿ ಮೆಣಸಿನಕಾಯನ್ನೇ ಸೀಳಿ ಬೀಜ ತೆಗೆದು ಕಾವಲಿ ಮೇಲೆ ಸುಟ್ಟು, ಉಪ್ಪು, ನಿಂಬೆರಸ ಸವರುತ್ತೇನೆ. ಅಣ್ಣ ಬಂದಾಗ ಕೊಟ್ಟೆ. ಮೂರು ತಿಂದ. ಬಜ್ಜಿ ಎಲ್ಲಿ ಅಂತಲೂ ಕೇಳಿದ, ಅದು ಬೇರೆ ಮಾತು.

ಹಣ್ಣು ನನಗೆ ಕೈಕೊಟ್ಟಿತು. ಸಂಜೆ ಒಂದು ಬಟ್ಟಲು ಪರಂಗಿ ಹಣ್ಣು ತಿಂದರೆ ಆರೂವರೆಗೆ ಅವಲಕ್ಕಿ ಡಬ್ಬಿ ಹುಡುಕಿಕೊಂಡು ಹೋಗುತ್ತಿದ್ದೆ. ಸೀಬೆಹಣ್ಣಿನ ಜೊತೆ ಒಂದು ಹಿಡಿ ಹುರಿಗಡಲೆ ಸೇರಿಸಿದರೆ ಮಾತ್ರ ಎಂಟರವರೆಗೆ ತಡೆಯುತ್ತೆ.

ಕೋಸಂಬರಿಯನ್ನು ತಿಂಗಳುಗಟ್ಟಲೆ ಮಾಡಿದೆ. ರಾಮನವಮಿಗೆ ಒಂದು ದಿನ ತಿನ್ನುವುದು ಬೇರೆ, ದಿನಾ ಹಸಿಬೇಳೆ ತಿನ್ನುವುದು ಬೇರೆ. ಹೊಟ್ಟೆ ಉಬ್ಬರ ಶುರುವಾಯಿತು. ನೆನೆದ ಹೆಸರುಬೇಳೆಯನ್ನು ಎರಡು ನಿಮಿಷ ಹಬೆಯಲ್ಲಿಟ್ಟು ಆರಿಸಿದ ಮೇಲೆ ತೊಂದರೆ ನಿಂತಿತು. ಆಫೀಸಿಗೆ ಒಯ್ಯುವವರು ಉಪ್ಪನ್ನು ಬೇರೆ ಪೊಟ್ಟಣ ಕಟ್ಟಿಕೊಳ್ಳಿ. ಬೆಳಿಗ್ಗೆಯೇ ಹಾಕಿದರೆ ಸಂಜೆಗೆ ಸೌತೆಕಾಯಿ ನೀರು ಬಿಟ್ಟು ಡಬ್ಬಿ ತುಂಬಾ ಸಾರು.

ಹುರುಳಿ ಉಸಲಿ ಅಗ್ಗ, ಗಟ್ಟಿ, ಹೊಟ್ಟೆ ಹಿಡಿಯುತ್ತೆ. ನೂರು ಗ್ರಾಂ ಹುರುಳಿಯಲ್ಲಿ 20 ಗ್ರಾಂ ಮೇಲೆ ಪ್ರೋಟೀನ್. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಒಂದೂವರೆ ದಿನ ಇಟ್ಟರೆ ಚಿಕ್ಕ ಮೊಳಕೆ ಬರುತ್ತೆ. ಬೇಸಿಗೆಯಲ್ಲಿ ಎರಡು ಸಲ ವಾಸನೆ ಬಂದು ಎಸೆದೆ. ದಿನಕ್ಕೆ ಮೂರು ಸಲ ಕಾಳು ತೊಳೆದರೆ ವಾಸನೆ ಬರೋಲ್ಲ. ಬೇಯಿಸಿದ ಕಟ್ಟನ್ನು ಚೆಲ್ಲಬೇಡಿ, ರಾತ್ರಿಗೆ ಹುರುಳಿ ಸಾರು ಆಯಿತು. ವಾರದಲ್ಲಿ ಎರಡು ದಿನಕ್ಕಿಂತ ಜಾಸ್ತಿ ಮಾಡಿದರೆ ಪಕ್ಕದ ಸೀಟಿನವರಿಗೆ ಕಷ್ಟ. ಉಸಲಿಗೆ ನಾನು ಹಾಕುವ ಪುಡಿ ನಮ್ಮಮ್ಮನದು, ಅದರ ಅಳತೆ ಕೇಳಬೇಡಿ. ಒಣಶುಂಠಿ, ಓಂಕಾಳು ಇದೆ ಅಂತ ಮಾತ್ರ ಹೇಳಬಲ್ಲೆ.

ಇನ್ನು ನುಚ್ಚಿನುಂಡೆ. ಮೈಸೂರಿಗೆ ಸೊಸೆಯಾಗಿ ಬಂದ ಮೇಲೆ ಅತ್ತೆಯಿಂದ ಕಲಿತದ್ದು. ನನ್ನ ತೂಕ ಇಳಿಸಿದ್ದು ಇದೇ ಅಂದರೂ ತಪ್ಪಿಲ್ಲ. ಎಣ್ಣೆ ಇಲ್ಲ, ಅಕ್ಕಿ ಇಲ್ಲ, ಬರೀ ಬೇಳೆ, ಸೊಪ್ಪು, ಹಬೆ. ಒಬ್ಬರಿಗೆ 50 ಗ್ರಾಂ ಬೇಳೆ ಸಾಕು. ಮುಕ್ಕಾಲು ಪಾಲು ತೊಗರಿ, ಕಾಲು ಪಾಲು ಕಡಲೆ. ಎರಡು ಗಂಟೆ ನೆನೆಸಿ, ಜರಡಿಗೆ ಹಾಕಿ, ನೀರು ಪೂರ್ತಿ ಇಳಿಯುವವರೆಗೆ ಬಿಡಿ. ಇಲ್ಲಿ ಅವಸರ ಮಾಡಿದರೆ ಮುಗೀತು. ಮಿಕ್ಸಿಗೆ ಮೆಣಸಿನಕಾಯಿ, ಶುಂಠಿ ಜೊತೆ ಹಾಕಿ ಒಂದು ಹನಿ ನೀರೂ ಸೇರಿಸದೆ ತರಿತರಿಯಾಗಿ ತಿರುಗಿಸಬೇಕು. ಬಿಟ್ಟು ಬಿಟ್ಟು ತಿರುಗಿಸಿ, ನಡುವೆ ಚಮಚದಲ್ಲಿ ಕೆದಕಿ. ಅಲ್ಲಲ್ಲಿ ಅರ್ಧ ಬೇಳೆ ಕಣ್ಣಿಗೆ ಕಾಣುತ್ತಿರಬೇಕು. ನುಣ್ಣಗಾದರೆ ಬೆಂದ ಮೇಲೆ ರಬ್ಬರ್ ಚೆಂಡು.

ಅತ್ತೆಯ ಲೆಕ್ಕದಲ್ಲಿ ಇದಕ್ಕೆ ಅರ್ಧ ಹೋಳು ತೆಂಗಿನಕಾಯಿ ಬೀಳುತ್ತಿತ್ತು. ತೆಂಗಿನಕಾಯಿ ಪೂರ್ತಿ ಬಿಟ್ಟು ನೋಡಿದೆ, ಉಂಡೆ ಒಣಗಿ ಗಂಟಲಿಗೆ ಸಿಕ್ಕಿಕೊಂಡಿತು. ಕ್ಯಾರೆಟ್ ತುರಿ ಹಾಕಿದರೆ ಸಿಹಿ. ಎಲೆಕೋಸು ಹಾಕಿದರೆ ವಾಸನೆ. ಸೋರೆಕಾಯಿ ತುರಿದು ಗಟ್ಟಿಯಾಗಿ ಹಿಂಡಿ ಹಾಕಿದಾಗ ಸರಿಹೋಯಿತು. ತೆಂಗಿನ ತುರಿ ಒಂದು ದೊಡ್ಡ ಚಮಚ ಮಾತ್ರ. ಸಬ್ಬಸಿಗೆ ಸೊಪ್ಪು ಕೈ ತುಂಬಾ, ಜೀರಿಗೆ, ಇಂಗು, ಉಪ್ಪು. ಉಪ್ಪು ಕೊನೆಗೆ. ಮುಷ್ಟಿಯಲ್ಲಿ ಹಿಡಿದು ಉದ್ದುದ್ದ ಉಂಡೆ ಒತ್ತಿ, ಬೆರಳಿನ ಗುರುತು ಮೂಡಬೇಕು. ಇಡ್ಲಿ ಪಾತ್ರೆಯಲ್ಲಿ ಹದಿನೈದು ನಿಮಿಷ. ಬೇಯುತ್ತಾ ಬಂದಾಗ ಹಸಿಬೇಳೆ ವಾಸನೆ ಹೋಗಿ ಸಬ್ಬಸಿಗೆ ಘಮ ಬರುತ್ತೆ, ಆಗ ಇಳಿಸಿ. ಕಲಸುವಾಗ ನಾನು ಇನ್ನೊಂದು ಸಾಮಾನು ಅರ್ಧ ಚಮಚ ಹಾಕುತ್ತೇನೆ. ಮಾರನೇ ದಿನಕ್ಕೂ ಉಂಡೆ ಮೆತ್ತಗಿರುವುದು ಅದರಿಂದಲೇ. ಓರಗಿತ್ತಿಗೇ ಹೇಳಿಲ್ಲ, ಇಲ್ಲಿ ಹೇಳ್ತೀನಾ? ಸೋಡಾ ಅಲ್ಲ, ಅಷ್ಟು ಹೇಳಬಲ್ಲೆ.

ಐದು ಉಂಡೆ ಆಗುತ್ತೆ. 210 ಕ್ಯಾಲೊರಿ, 11-12 ಗ್ರಾಂ ಪ್ರೋಟೀನ್. ಜೊತೆಗೆ ಒಂದು ಲೋಟ ನೀರು ಮಜ್ಜಿಗೆ. ಒಬ್ಬರಿಗೆ ಹದಿನೈದು ರೂಪಾಯಿ ಬೀಳಬಹುದು. ಆ ಡಬ್ಬಿ ಪುಡಿ ಒಂದು ಲೋಟಕ್ಕೆ ಎಂಬತ್ತು ಬೀಳುತ್ತಿತ್ತು. ಮೊಟ್ಟೆ ತಿನ್ನೋರಿಗೆ ಇಷ್ಟೆಲ್ಲ ಪಾಡಿಲ್ಲ, ಎರಡು ಬೇಯಿಸಿಕೊಂಡರೆ 12 ಗ್ರಾಂ ಪ್ರೋಟೀನ್ ಸಿಕ್ಕಿತು. ನಮ್ಮ ಮನೆಯಲ್ಲಿ ನಡೆಯೋಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳೋರು, ಕಿಡ್ನಿ ತೊಂದರೆ ಇರೋರು ಬೇಳೆಕಾಳು ಹೀಗೆ ಜಾಸ್ತಿ ಮಾಡುವ ಮೊದಲು ಡಾಕ್ಟರನ್ನು ಕೇಳಿಬಿಡಿ.

ಸಿರಿಧಾನ್ಯದ ಬಗ್ಗೆ ಒಂದು ಮಾತು. ಇದಕ್ಕೆ ಬೈಸಿಕೊಳ್ಳುತ್ತೇನೆ ಅಂತ ಗೊತ್ತು. ನವಣೆ ಉಪ್ಪಿಟ್ಟು ಎಷ್ಟು ತಿಂದರೂ ದಪ್ಪ ಆಗೋಲ್ಲ ಅಂತ ಆಫೀಸಿನಲ್ಲಿ ಒಬ್ಬರು ವಾದ ಮಾಡುತ್ತಿದ್ದರು. 50 ಗ್ರಾಂ ನವಣೆ, 50 ಗ್ರಾಂ ರವೆ ತೂಗಿ ಎರಡೂ ಉಪ್ಪಿಟ್ಟು ಒಂದೇ ಅಳತೆಯ ಎಣ್ಣೆಯಲ್ಲಿ ಮಾಡಿ ಒಯ್ದೆ. ಹಸಿ ನವಣೆ ನೂರು ಗ್ರಾಮಿಗೆ 330 ಕ್ಯಾಲೊರಿ, ರವೆ 335, ಅಕ್ಕಿ 355, ರಾಗಿ 320. ಎಲ್ಲ ಅಕ್ಕಪಕ್ಕದವೇ. ನವಣೆಯಲ್ಲಿ ನಾರು ಜಾಸ್ತಿ, ಹೊಟ್ಟೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತೆ, ಅದು ನಿಜ. ರಾಗಿಯಲ್ಲಿ ಕ್ಯಾಲ್ಸಿಯಂ ಇದೆ, ನೂರು ಗ್ರಾಮಿಗೆ 350 ಮಿಲಿಗ್ರಾಂ ಆಸುಪಾಸು, ನನ್ನ ವಯಸ್ಸಿನವರಿಗೆ ಬೇಕೇ ಬೇಕು. ಆದರೆ ಎರಡು ತಟ್ಟೆ ತಿಂದರೆ ಎರಡು ತಟ್ಟೆಯ ಕ್ಯಾಲೊರಿ. ಅವರು ವಾದ ಬಿಟ್ಟರು, ನವಣೆ ಬಿಡಲಿಲ್ಲ.

ನಿಜವಾದ ಕಳ್ಳ ಒಗ್ಗರಣೆ ಸೌಟು. ಒಂದು ಟೀ ಚಮಚ ಎಣ್ಣೆ 45 ಕ್ಯಾಲೊರಿ. ಗಿಂಡಿಯಿಂದ ಸುಮ್ನೆ ಸುರಿದರೆ ಮೂರು ಚಮಚ. ಸಾಸಿವೆ ಸಿಡಿಯೋಕೆ ಚಿಕ್ಕ ಸೌಟಿನಲ್ಲಿ ಅರ್ಧ ಚಮಚ ಸಾಕು. ಸೌಟನ್ನು ಓರೆ ಮಾಡಿ ಹಿಡಿಯಿರಿ, ಎಣ್ಣೆ ಮೂಲೆಗೆ ಬರುತ್ತೆ, ಅಲ್ಲಿ ಸಾಸಿವೆ ಹಾಕಿ. ತಿಂಗಳಿಗೆ ನಾಲ್ಕು ಲೀಟರ್ ಮುಗಿಯುತ್ತಿದ್ದ ಎಣ್ಣೆ ಈಗ ಎರಡೂವರೆ. ಮನೆಯವರಿಗೆ ಮೊದಲೆರಡು ತಿಂಗಳು ಗೊತ್ತೇ ಆಗಲಿಲ್ಲ.

ರಾತ್ರಿಗೆ ಬಸ್ಸಾರು ಇದ್ದ ದಿನ ನನಗೆ ಹಬ್ಬ. ಸೊಪ್ಪು-ಕಾಳಿನ ಪಲ್ಯ ದೊಡ್ಡ ಬಟ್ಟಲು, ಮುದ್ದೆ ಚಿಕ್ಕದು. ಅತ್ತೆ ಕಟ್ಟುವ ಮುದ್ದೆಯನ್ನು ಒಮ್ಮೆ ತಕ್ಕಡಿಗೆ ಇಟ್ಟೆ, 300 ಗ್ರಾಂ ತೋರಿಸಿತು. ಅಂದರೆ ನೂರು ಗ್ರಾಂ ಹಿಟ್ಟು. "ಮುದ್ದೆ ತೂಗೋ ಕಾಲ ಬಂತಾ?" ಅಂತ ಅತ್ತೆ ಗೊಣಗಿದರು. ಈಗ ನನಗೆ ಅದರ ಅರ್ಧ ಕಟ್ಟಿಕೊಡುತ್ತಾರೆ, ಜೊತೆಗೆ ಸಾರು ಎರಡು ಸೌಟು ಜಾಸ್ತಿ. ಉಳಿದ ದಿನ ಒಂದು ಜೋಳದ ರೊಟ್ಟಿ, ಪಲ್ಯ, ಇಲ್ಲವೇ ದೊಡ್ಡಪತ್ರೆ ತಂಬುಳಿಗೆ ಒಂದು ಹಿಡಿ ಅನ್ನ. ಐದು ಗಂಟೆಯ ತಿಂಡಿ ತಪ್ಪಿದ ದಿನ ಈ ಊಟ ಸಾಲೋಲ್ಲ, ಎರಡನೇ ಸಲ ಬಡಿಸಿಕೊಂಡೇ ಏಳೋದು.

ಹತ್ತು ಕೆಜಿ ಇಳಿದ ಮೇಲೆ ಎರಡು ತಿಂಗಳು ಮುಳ್ಳು ಅಲ್ಲಾಡಲಿಲ್ಲ. ತಿಂಡಿ ಕಮ್ಮಿ ಮಾಡು ಅಂದರು. ಮಾಡಲಿಲ್ಲ. ಮತ್ತೆ ಬರೆಯಲು ಕೂತೆ. ಸಿಕ್ಕಿದ್ದು ಕಾಫಿ. ಗಟ್ಟಿ ಹಾಲು, ಎರಡು ಚಮಚ ಸಕ್ಕರೆ, ಲೋಟಕ್ಕೆ ನೂರು ಕ್ಯಾಲೊರಿ, ದಿನಕ್ಕೆ ನಾಲ್ಕು. ಎರಡಕ್ಕೆ ಇಳಿಸಿ ಸಕ್ಕರೆ ಅರ್ಧ ಮಾಡಿದೆ. ಹನ್ನೊಂದು ಗಂಟೆಯ ಕಾಫಿ ಬದಲು ರಾಗಿ ಅಂಬಲಿ, 20 ಗ್ರಾಂ ಹಿಟ್ಟು, ಹುಳಿ ಮಜ್ಜಿಗೆ, ಹಸಿ ಈರುಳ್ಳಿ. ಮೂರನೇ ವಾರಕ್ಕೆ ಮುಳ್ಳು ಕೆಳಗೆ ಬಂತು. ಮೈಸೂರಿನಲ್ಲಿದ್ದುಕೊಂಡು ಕಾಫಿ ಪೂರ್ತಿ ಬಿಡು ಅಂದವರ ಮಾತು ಮಾತ್ರ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಅವರೆಕಾಯಿ ಕಾಲ. ತೊಗರಿ ಬದಲು ಹಿತಕಿದ ಬೇಳೆಯಲ್ಲಿ ನುಚ್ಚಿನುಂಡೆ ಪ್ರಯತ್ನ ನಡೀತಿದೆ. ಮೊದಲ ಸಲ ಹಬೆಯಲ್ಲೇ ಬಿಚ್ಚಿಕೊಂಡಿತು, ಹಿತಕಿದ ಬೇಳೆಯಲ್ಲಿ ನೀರು ಜಾಸ್ತಿ. ಅರ್ಧ ಅದು, ಅರ್ಧ ಕಡಲೆಬೇಳೆ ಹಾಕಿದರೆ ನಿಂತಿತು. ರುಚಿ ತೊಗರಿಯದಕ್ಕಿಂತ ಮೇಲು, ಆದರೆ ಅವರೆ ಹಿತುಕುತ್ತಾ ಕೂರೋಕೆ ಒಂದು ಗಂಟೆ ಬೇಕು. ಮಾಮೂಲಿ ಉಂಡೆ ಫ್ರಿಜ್ಜಿನಲ್ಲಿ ಎರಡು ದಿನ ಚೆನ್ನಾಗಿರುತ್ತೆ. ಮೂರನೇ ದಿನಕ್ಕೆ ಸೊಪ್ಪು ಕಪ್ಪಾಗುತ್ತೆ. ಹಾಗಾಗಿ ಭಾನುವಾರ, ಬುಧವಾರ ಎರಡು ಸಲ ಬೇಯಿಸಿಟ್ಟುಕೊಳ್ಳುತ್ತೇನೆ. ಬಿಸಿ ಮಾಡುವಾಗ ಮೇಲೆ ಎರಡು ಹನಿ ನೀರು ಚಿಮುಕಿಸಿ, ಮತ್ತೆ ಹಬೆಗೇ ಇಡಿ. ಮೈಕ್ರೊವೇವ್‌ಗೆ ಬೇಡ, ಗಟ್ಟಿಯಾಗುತ್ತೆ.